54ರಲ್ಲಿ ಡೌನ್‌ಹಿಲ್ ಶುರು: ಮೊದಲ ಬೈಕಿಗೆ 200 ಮಿ.ಮೀ. ಟ್ರಾವೆಲ್ ಬೇಕೇ?

ಮೆಲ್ಲಗೆ_ಇಳಿ

ವಯಸ್ಸು 54, ಎತ್ತರ 172 ಸೆಂ.ಮೀ., ತೂಕ 80 ಕೆ.ಜಿ. ಡಾಂಬರು ರಸ್ತೆಯಲ್ಲಿ ಸೈಕಲ್ ತುಳಿದು ರೂಢಿ ಇದೆ. ಕಲ್ಲು, ಬೇರು, ಸಡಿಲ ಮಣ್ಣಿನ ಇಳಿಜಾರು ಹೊಸದು. ಸ್ಪರ್ಧೆಯ ಯೋಚನೆ ಇಲ್ಲ, ಹಾರುವ ಹುಚ್ಚೂ ಇಲ್ಲ. ಕಡಿದಾದ ಜಾಡಿನಲ್ಲಿ ಭಯ ಬೀಳದೆ ಇಳಿಯುವಂತಾದರೆ ಸಾಕು.

"ವಯಸ್ಸಾದವರಿಗೆ ಸಸ್ಪೆನ್ಷನ್ ಇದ್ದಷ್ಟೂ ಒಳ್ಳೆಯದು, ನೇರ 200 ಮಿ.ಮೀ. ಡೌನ್‌ಹಿಲ್ ಬೈಕನ್ನೇ ತಗೊಳ್ಳಿ" ಅಂತ ಒಬ್ಬರು ಹೇಳುತ್ತಾರೆ (200 ಅನ್ನುವುದು ಟ್ರಾವೆಲ್, ಸಸ್ಪೆನ್ಷನ್ ಕುಗ್ಗುವಾಗ ಚಕ್ರ ಮೇಲೇಳುವ ಅಳತೆ). "ಹಾರ್ಡ್‌ಟೇಲ್‌ನಲ್ಲಿ ಕಲಿತರೆ ಮಾತ್ರ ಕಲಿತ ಹಾಗೆ" ಅಂತ ಇನ್ನೊಬ್ಬರು (ಅಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್). ಮಣಿಕಟ್ಟು, ಮೊಣಕಾಲು ಇಪ್ಪತ್ತರ ಹುಡುಗನದ್ದಲ್ಲ ಅನ್ನುವುದನ್ನು ಲೆಕ್ಕಕ್ಕಿಟ್ಟುಕೊಂಡು ಹೇಳಿ: ಯಾವ ಜಾತಿಯ ಬೈಕ್, ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು?

ಕೆಸರುಚಕ್ರ

ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ನಿಮಗೆ ಬೇಕಾದ್ದು ಎಂಡ್ಯೂರೋ ವರ್ಗದ, ಅಂದರೆ ತುಳಿದು ಹತ್ತಿ ಕಡಿದಾದ ಜಾಡು ಇಳಿಯಲು ಕಟ್ಟಿದ ಬೈಕ್. ಮುಂದೆ 160, ಹಿಂದೆ 150 ಮಿ.ಮೀ. ಆಸುಪಾಸು.

200 ಮಿ.ಮೀ. ಬೈಕ್ ಏನೆಂದು ಮೊದಲು ನೋಡಿ. ಡಬಲ್ ಕ್ರೌನ್ ಫೋರ್ಕ್ (ಮೇಲೆ ಕೆಳಗೆ ಎರಡು ಹಿಡಿಯಲ್ಲಿ ಕೂರುವ ಮುಂದಿನ ಸಸ್ಪೆನ್ಷನ್), 63 ಡಿಗ್ರಿ ಸುತ್ತಮುತ್ತಲಿನ ಹೆಡ್ ಆ್ಯಂಗಲ್ (ಫೋರ್ಕ್ ನೆಲಕ್ಕೆ ಮಾಡುವ ಕೋನ), ಹಿಂದೆ 7 ಗೇರ್, ತಗ್ಗಿನಲ್ಲೇ ಕೂರಿಸಿದ ಪುಟ್ಟ ಸೀಟು, ತೂಕ 16ರಿಂದ 18 ಕೆ.ಜಿ. ಅದನ್ನು ಕಟ್ಟಿರುವುದೇ ರೇಸಿನ ವೇಗಕ್ಕೆ. ಗಂಟೆಗೆ 12-15 ಕಿ.ಮೀ.ಯಲ್ಲಿ ಕಲ್ಲು ಹುಡುಕುತ್ತಾ ಇಳಿಯುವವರ ಕೈಯಲ್ಲಿ ಅದು ಸೋಫಾ. ಅಡ್ಡಕ್ಕೆ ಬಂದ ಬೇರನ್ನು ದಾಟಿಸಲು ಕಾಲಿನಿಂದ ಒತ್ತಿ ಮುಂದಿನ ಚಕ್ರ ಹಗುರ ಮಾಡಲು ಹೋದರೆ ಒತ್ತಿದ್ದನ್ನೆಲ್ಲ ಸಸ್ಪೆನ್ಷನ್ನೇ ನುಂಗುತ್ತದೆ. ನಿಧಾನದಲ್ಲಿ ಮುಂದಿನ ಚಕ್ರ ಒಂದು ಕಡೆಗೆ ವಾಲಿಕೊಳ್ಳುತ್ತದೆ. ಡಬಲ್ ಕ್ರೌನ್ ಫ್ರೇಮಿಗೆ ತಾಗುವುದರಿಂದ ಹ್ಯಾಂಡಲ್ ಒಂದು ಹಂತದಾಚೆ ತಿರುಗುವುದಿಲ್ಲ, ಹೊಸಬರು ಹೆಚ್ಚು ಬೀಳುವುದು ಕೂಡ ಅದೇ ಬಿಗಿ ತಿರುವುಗಳಲ್ಲಿ. ಜಾಡಿನ ನಡುವೆ ನೂರು ಮೀಟರ್ ಸಮತಟ್ಟು ಬಂದರೆ ಅಷ್ಟು ತಗ್ಗಿನ ಸೀಟಿನಲ್ಲಿ ತುಳಿಯಬೇಕು. ಮೊಣಕಾಲು ದೂರು ಹೇಳುವುದೇ ಅಲ್ಲಿ.

ಎಂಡ್ಯೂರೋ ಬೈಕಿನಲ್ಲಿ ಹೆಡ್ ಆ್ಯಂಗಲ್ 63.5ರಿಂದ 65. ಹಿಂದೆ 12 ಗೇರ್, ಅತಿ ದೊಡ್ಡ ಗೇರಿಗೆ 51 ಅಥವಾ 52 ಹಲ್ಲು. ಡ್ರಾಪರ್ ಸೀಟ್‌ಪೋಸ್ಟ್ ಇರುತ್ತದೆ: ಗುಂಡಿ ಒತ್ತಿ ಭಾರ ಹಾಕಿದರೆ ಸೀಟು ಕೆಳಗೆ, ಭಾರ ತೆಗೆದು ಮತ್ತೆ ಒತ್ತಿದರೆ ಮೇಲೆ. ಹತ್ತುವುದಕ್ಕೂ ಆಗುತ್ತದೆ. ಬೈಕ್ ಸಮೇತ ಮೇಲಕ್ಕೆ ಒಯ್ಯುವ ಲಿಫ್ಟ್ ಇಲ್ಲದ ದಿನವೂ ಒಂದು ಚಿಕ್ಕ ಇಳಿಜಾರನ್ನು ಹತ್ತು ಸಲ ಹತ್ತಿ ಹತ್ತು ಸಲ ಇಳಿಯಬಹುದು, ಕಲಿಕೆ ಆಗುವುದು ಹಾಗೆಯೇ. ಬರೀ ಡ್ರಾಪರ್ ಸಲುವಾಗಿಯಾದರೂ ಈ ವರ್ಗ ಆರಿಸಿಕೊಳ್ಳಿ ಅಂತ ಹೇಳಬಲ್ಲೆ. ಸೊಂಟ ಬಿಗಿಯಿರುವವರಿಗೆ ಕಾಲೆತ್ತಿ ಹತ್ತುವುದು, ಹೆದರಿದಾಗ ನೆಲಕ್ಕೆ ಕಾಲಿಡುವುದು ಎರಡೂ ಸಲೀಸು. ನಿಮ್ಮ ಎತ್ತರಕ್ಕೆ 150ರಿಂದ 180 ಮಿ.ಮೀ. ಡ್ರಾಪರ್ ಹಿಡಿಸಬೇಕು.

ಹಾರ್ಡ್‌ಟೇಲ್ ಒಳ್ಳೆಯ ಮೇಷ್ಟ್ರು, ಒಪ್ಪುತ್ತೇನೆ. ಆದರೆ ಕಲ್ಲಿನ ಜಾಡಿನಲ್ಲಿ ಹಿಂದಿನ ಚಕ್ರದ ಪ್ರತಿ ಏಟೂ ಪಾದ, ಮೊಣಕಾಲು, ಕೆಳಬೆನ್ನಿಗೇ ಬರುತ್ತದೆ. ಇಪ್ಪತ್ತು ನಿಮಿಷಕ್ಕೆ ದಣಿದರೆ ಕಲಿಯುವುದು ಇಪ್ಪತ್ತು ನಿಮಿಷ ಮಾತ್ರ.

ಚಕ್ರ: ಮುಂದೆ 29, ಹಿಂದೆ 27.5 ಇಂಚಿನ ಜೋಡಿ ಸಿಕ್ಕರೆ ಅದನ್ನು ಮೊದಲು ನೋಡಿ. ಕಡಿದಾದ ಕಡೆ ಸೊಂಟ ಹಿಂದಕ್ಕೆ ಸರಿಸಿದಾಗ ದೊಡ್ಡ ಚಕ್ರ ಚಡ್ಡಿಗೆ ಉಜ್ಜುತ್ತದೆ, ಚಿಕ್ಕದಾದರೆ ಜಾಗ ಉಳಿಯುತ್ತದೆ. ಎರಡೂ 29 ಆದರೂ ಪ್ರಪಂಚ ಮುಳುಗುವುದಿಲ್ಲ.

ಅಳತೆ: ರೀಚ್ (ಕ್ರ್ಯಾಂಕ್ ಅಚ್ಚಿನಿಂದ ಫ್ರೇಮಿನ ಮುಂದಿನ ಕೊಳವೆಯ ಮೇಲ್ತುದಿಗೆ ಅಡ್ಡಡ್ಡ ದೂರ) 450-465 ಮಿ.ಮೀ. ಒಳಗಿರಲಿ. ಎರಡು ಸೈಜ್ ನಡುವೆ ಸಿಕ್ಕಿಕೊಂಡರೆ ಚಿಕ್ಕದನ್ನು ಹಿಡಿದು, 35-40 ಮಿ.ಮೀ. ರೈಸ್ (ಮೇಲಕ್ಕೆ ಬಾಗಿದ ಎತ್ತರ) ಇರುವ ಹ್ಯಾಂಡಲ್ ಹಾಕಿ. ಹ್ಯಾಂಡಲ್ ಎತ್ತರ ಬಂದರೆ ಅಂಗೈ ಮೇಲಿನ ಭಾರ ಇಳಿಯುತ್ತದೆ, ಕತ್ತು ಮೇಲೆತ್ತಿ ನೋಡುವ ಶ್ರಮವೂ ಇಳಿಯುತ್ತದೆ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) 165 ಮಿ.ಮೀ. ಇದ್ದರೆ ಒಳ್ಳೆಯದು. ಪೆಡಲ್ ಕಲ್ಲಿಗೆ ಬಡಿಯುವುದು ಕಡಿಮೆ, ಮೊಣಕಾಲು ಮಡಚುವುದೂ ಕಡಿಮೆ.

ಹಣ ಉಳಿಸುವುದು ಫ್ರೇಮಿನಲ್ಲಿ. ಅಲ್ಯೂಮಿನಿಯಂ ಸಾಕು, ಕಾರ್ಬನ್‌ನಿಂದ ಉಳಿಯುವ ಅರ್ಧ-ಮುಕ್ಕಾಲು ಕೆ.ಜಿ. ಇಳಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ. ಹಲವು ಫ್ರೇಮ್‌ಗಳ ಮೇಲೆ, ಇಲ್ಲವೇ ಕೈಪಿಡಿಯಲ್ಲಿ, ಎಎಸ್‌ಟಿಎಂ (ಅಮೆರಿಕದ ಮಾನದಂಡ ಸಂಸ್ಥೆ) ವರ್ಗದ ಸಂಖ್ಯೆ ಇರುತ್ತದೆ. 3 ಅಂದರೆ 61 ಸೆಂ.ಮೀ. ಒಳಗಿನ ಜಿಗಿತ, 4 ಅಂದರೆ 122 ಸೆಂ.ಮೀ. ಒಳಗೆ. ನಿಮಗೆ 4 ಇರಲಿ.

ಎರಡು_ಕಿರೀಟ

ಮೇಲಿನದ್ದರಲ್ಲಿ ಮುಕ್ಕಾಲು ಪಾಲು ಸರಿ, ಆದರೆ ಡಬಲ್ ಕ್ರೌನ್ ಅಂದ ತಕ್ಷಣ ಮೂಗು ಮುರಿಯಬೇಕಾಗಿಲ್ಲ. ವರ್ಷವಿಡೀ ಲಿಫ್ಟ್ ಇರುವ ಬೈಕ್ ಪಾರ್ಕಿನಲ್ಲೇ ಸವಾರಿ, ಒಂದು ಮೀಟರ್ ಕೂಡ ತುಳಿದು ಹತ್ತುವುದಿಲ್ಲ ಅನ್ನುವವರಿಗೆ ಡೌನ್‌ಹಿಲ್ ಬೈಕ್ ಕ್ಷಮಿಸುವಷ್ಟು ಬೇರೆ ಯಾವುದೂ ಕ್ಷಮಿಸುವುದಿಲ್ಲ. ತಪ್ಪು ಗೆರೆ ಹಿಡಿದು ಕಲ್ಲಿನ ನಡುವೆ ನುಗ್ಗಿದರೂ ನೆಟ್ಟಗೆ ಹೊರಗೆ ಬಿಡುತ್ತದೆ. ದಿನಕ್ಕೆ ಹತ್ತು-ಹನ್ನೆರಡು ಸಲ ಇಳಿದಾಗ ಸಂಜೆಗೆ ಅಂಗೈ ಹೇಗಿದೆ ಅನ್ನುವುದರಲ್ಲಿ 40 ಮಿ.ಮೀ. ವ್ಯತ್ಯಾಸ ಗೊತ್ತಾಗುತ್ತದೆ.

ಷರತ್ತು ಒಂದೇ, ಮೊದಲು ಬಾಡಿಗೆಗೆ ತಗೊಳ್ಳಿ. ಪಾರ್ಕ್‌ಗಳ ಬಾಡಿಗೆ ಬೈಕ್‌ಗಳಲ್ಲಿ ಈ ವರ್ಗದ್ದೇ ಹೆಚ್ಚು. ಎರಡು ದಿನ ಸುಲಭದ ಜಾಡಿನಲ್ಲಿ ಇಳಿದು ನೋಡಿ, ಅದೇ ಜಾಡಿನಲ್ಲಿ ಮೂರನೆಯ ದಿನ ಎಂಡ್ಯೂರೋ ಬೈಕ್ ಕೇಳಿ. ಉತ್ತರ ಕಾಲಿಗೇ ಸಿಗುತ್ತದೆ.

ಯಾವ ಬೈಕ್ ತಗೊಂಡರೂ 26 ಇಂಚಿನ ಹಳೆಯ ಡೌನ್‌ಹಿಲ್ ಬೈಕ್ ಅಗ್ಗಕ್ಕೆ ಬಂತು ಅಂತ ಕೈ ಹಾಕಬೇಡಿ. ಹಬ್ ಅಗಲ, ಆ್ಯಕ್ಸಲ್, ಸ್ಟಿಯರರ್ (ಫೋರ್ಕಿನ ಮೇಲ್ಕೊಳವೆ) ಎಲ್ಲವೂ ಬದಲಾಗಿಹೋಗಿವೆ. ಒಂದು ರಿಮ್ ಬಾಗಿದರೆ ಇನ್ನೊಂದು ಹುಡುಕುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ.

ಸ್ಪೋಕ್_ಕೀ

ಟ್ರಾವೆಲ್ ಎಷ್ಟು ಅನ್ನುವುದರ ಮೇಲೆ ಇಷ್ಟೆಲ್ಲ ಚರ್ಚೆ. ಹೊಸಬರನ್ನು ಜಾಡಿನ ನಡುವೆ ನಿಲ್ಲಿಸುವುದು ಕೈ. ಕೈಯನ್ನು ಸೋಲಿಸುವುದು ಬ್ರೇಕ್. ಅಂಗೈ ಮರಗಟ್ಟಿ ಮುಂಗೈ ಕಲ್ಲಿನಂತಾಗಿ ಬೆರಳು ಮಡಚಲಾಗದೆ ನಿಂತವರು ಮರುದಿನ ಹೋಗಿ ದುಬಾರಿ ಫೋರ್ಕ್ ವಿಚಾರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಬೇಕಾದ್ದು 4 ಪಿಸ್ಟನ್ ಕ್ಯಾಲಿಪರ್ (ಪ್ಯಾಡ್ ಒತ್ತುವ ಭಾಗ), ಎರಡೂ ಕಡೆ 200 ಅಥವಾ 203 ಮಿ.ಮೀ. ರೋಟರ್ (ಬ್ರೇಕ್ ತಟ್ಟೆ). ನಿಮ್ಮ ತೂಕಕ್ಕೆ ಇದು ಐಷಾರಾಮ ಅಲ್ಲ. ಹೊಸಬರು ಅನುಭವಿಗಳಿಗಿಂತ ಹೆಚ್ಚು ಹೊತ್ತು ಬ್ರೇಕ್ ಹಿಡಿದೇ ಇರುತ್ತಾರೆ, ಹಾಗಾಗಿ ಕಾವು ಅವರದ್ದೇ ಹೆಚ್ಚು. ಬ್ರೇಕ್ ಕಾವಿನ ಕಥೆ ಈ ಆಟದಷ್ಟೇ ಹಳೆಯದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಶುರುವಾದ ಇಳಿಜಾರಿನ ರೇಸಿಗೆ ರಿಪ್ಯಾಕ್ ಅಂತ ಹೆಸರು ಬಿದ್ದದ್ದೇ, ಒಂದು ಸಲ ಇಳಿದರೆ ಹಿಂದಿನ ಹಬ್ ಬ್ರೇಕಿನ ಗ್ರೀಸ್ ಸುಟ್ಟು ಹೊಗೆಯಾಗಿ ಮತ್ತೆ ತುಂಬಬೇಕಾಗುತ್ತಿದ್ದುದರಿಂದ.

ಅಗ್ಗದ ಬೈಕ್‌ಗಳಲ್ಲಿ ಅಡಗಿರುವ ಒಂದು ಸಂಗತಿ: ರೋಟರ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಅಂತ ಸಣ್ಣದಾಗಿ ಕೊರೆದಿರುತ್ತದೆ. ಅಂಥದಕ್ಕೆ ಮೆಟಲ್ ಪ್ಯಾಡ್ ಹಾಕಿದರೆ ರೋಟರ್ ಬೇಗ ಸವೆದುಹೋಗುತ್ತದೆ. ರೆಸಿನ್ ಪ್ಯಾಡ್ ಸದ್ದಿಲ್ಲದೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಉದ್ದದ ಇಳಿಜಾರಿನಲ್ಲಿ ಕಾದು ಮೇಲ್ಮೈ ಗಾಜಿನಂತೆ ಹೊಳಪಾಗುತ್ತದೆ, ಆಮೇಲೆ ಜಾರುತ್ತದೆ. ಕೆಸರಿನಲ್ಲಂತೂ ಬೇಗ ಸವೆಯುತ್ತದೆ. ಮೆಟಲ್ ಕಿರುಚುತ್ತದೆ, ಆದರೆ ಕಾವು ತಡೆಯುತ್ತದೆ. ರೋಟರ್ ಬದಲಿಸಿಯೇ ಮೆಟಲ್ ಹಾಕಿ.

ಹೊಸ ಪ್ಯಾಡ್, ಹೊಸ ರೋಟರ್ ಹಾಕಿದ ದಿನ ನೇರ ಬೆಟ್ಟಕ್ಕೆ ಹೋಗಬೇಡಿ. ಸಮತಟ್ಟಾದ ಜಾಗದಲ್ಲಿ ಮಧ್ಯಮ ವೇಗಕ್ಕೆ ಬಂದು, ಚಕ್ರ ಲಾಕ್ ಆಗದಂತೆ ಒಂದೇ ಸಮ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲುವ ಮೊದಲೇ ಬಿಡಿ. ಹೀಗೆ 20 ಸಲ. ಆಮೇಲೆ ಇನ್ನಷ್ಟು ವೇಗದಿಂದ 10 ಸಲ. ಮುಂದೆ ಹಿಂದೆ ಬೇರೆ ಬೇರೆಯಾಗಿ. ಪ್ಯಾಡಿನ ವಸ್ತು ತೆಳುವಾಗಿ ರೋಟರಿಗೆ ಅಂಟಿದ ಮೇಲೆಯೇ ನಿಜವಾದ ಹಿಡಿತ ಬರುವುದು.

ಲಿವರ್ ಕೂರಿಸುವುದಕ್ಕೆ ಅರ್ಧ ಗಂಟೆ ಕೊಡಿ. ಕ್ಲ್ಯಾಂಪನ್ನು ಗ್ರಿಪ್‌ನಿಂದ ಒಳಕ್ಕೆ ಸರಿಸಿ, ತೋರುಬೆರಳು ಒಂದೇ ಲಿವರಿನ ತುದಿಯ ಕೊಕ್ಕೆಯಲ್ಲಿ ಕೂರಬೇಕು. ಗ್ರಿಪ್‌ಗೆ ಅಂಟಿಸಿ ಇಟ್ಟರೆ ಬೆರಳು ಲಿವರಿನ ನಡುವಿಗೆ ಬೀಳುತ್ತದೆ, ಅದೇ ಬ್ರೇಕಿಗೆ ಹೆಚ್ಚು ಬಲ ಬೇಕಾಗುತ್ತದೆ. ರೀಚ್ ಸ್ಕ್ರೂ ತಿರುಗಿಸಿ ಲಿವರನ್ನು ಹತ್ತಿರ ತನ್ನಿ, ಬೆರಳಿನ ಮೊದಲ ಗೆಣ್ಣು ಲಿವರಿಗೆ ಸಿಗುವಷ್ಟು. ಕೋನ ಗೊತ್ತುಮಾಡಲು ಪೆಡಲ್ ಮೇಲೆ ನಿಂತು, ಮೊಣಕೈ ಹೊರಕ್ಕೆ ಮಡಚಿ, ಮುಂಗೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರುತ್ತದೆಯೇ ಅಂತ ಬೇರೆಯವರಿಂದ ನೋಡಿಸಿ. ಬೆರಳು ಮುಂಗೈ ಗೆರೆಗಿಂತ ಕೆಳಕ್ಕೆ ಬಾಗಿದ್ದರೆ ಲಿವರ್ ಮೇಲೆತ್ತಬೇಕು. ಕೊನೆಗೆ ಕ್ಲ್ಯಾಂಪ್ ಬೋಲ್ಟನ್ನು ಬಿದ್ದರೆ ಲಿವರ್ ತಿರುಗಿಕೊಳ್ಳುವಷ್ಟು ಮಾತ್ರ ಬಿಗಿ ಮಾಡಿ. ಜಡಿದು ಬಿಗಿದರೆ ಬಿದ್ದಾಗ ಲಿವರ್ ಮುರಿಯುತ್ತದೆ.

ಹ್ಯಾಂಡಲ್ 31.8 ಮಿ.ಮೀ. ಕ್ಲ್ಯಾಂಪಿನದ್ದಾದರೆ 35ರದ್ದಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಬಳುಕುತ್ತದೆ, ಅಂಗೈಗೆ ಹಿತ. ಅಗಲ 800 ಬಂದರೆ ಭುಜಕ್ಕೆ ತಕ್ಕಂತೆ 770-780ಕ್ಕೆ ಕತ್ತರಿಸಿ. ಒಂದೇ ಸಲಕ್ಕೆ ಕತ್ತರಿಸಬೇಡಿ, ಮೊದಲು ಗ್ರಿಪ್ ಒಳಕ್ಕೆ ಸರಿಸಿ ಒಂದು ವಾರ ಓಡಿಸಿ.

ಮೆಲ್ಲಗೆ_ಇಳಿ

ಬಹಳ ಉಪಕಾರ. ಈಗ ಕಣ್ಣ ಮುಂದೆ ಎರಡಿವೆ. ಒಂದು ಹೊಸದು: ಅಲ್ಯೂಮಿನಿಯಂ, ಮುಂದೆ 150 ಹಿಂದೆ 140, ಆದರೆ 2 ಪಿಸ್ಟನ್ ಬ್ರೇಕ್, 180 ರೋಟರ್. ಇನ್ನೊಂದು ಮೂರು ವರ್ಷ ಓಡಿದ್ದು: ಮುಂದೆ 170 ಹಿಂದೆ 160, 4 ಪಿಸ್ಟನ್, 200 ರೋಟರ್. ಬೆಲೆ ಹೆಚ್ಚುಕಡಿಮೆ ಒಂದೇ. ಓಡಿದ್ದನ್ನು ಹೇಗೆ ಪರೀಕ್ಷಿಸುವುದು?

ಹಳೇ_ಚೈನು

ಪರೀಕ್ಷೆಯಲ್ಲಿ ಪಾಸಾದರೆ ಓಡಿದ್ದು. ಆಗದಿದ್ದರೆ ಹೊಸದು, ಬ್ರೇಕ್ ಬದಲಿಸುವ ಖರ್ಚನ್ನು ಸೇರಿಸಿಯೇ ಲೆಕ್ಕ ಹಾಕಿ.

ಬೈಕ್ ತೊಳೆದು ಒರೆಸಿಟ್ಟಿರಲಿ ಅಂತ ಮೊದಲೇ ಹೇಳಿ ಹೋಗಿ, ಕೆಸರಿನ ಅಡಿಯಲ್ಲಿ ಬಿರುಕು ಕಾಣುವುದಿಲ್ಲ. ಹೆಡ್ ಟ್ಯೂಬಿನ (ಫ್ರೇಮಿನ ಮುಂದಿನ ಕೊಳವೆ) ಕೆಳಗೆ ಡೌನ್ ಟ್ಯೂಬ್ ಕೂಡುವ ವೆಲ್ಡ್, ಶಾಕ್ (ಹಿಂದಿನ ಸಸ್ಪೆನ್ಷನ್ ಘಟಕ) ಕೂರುವ ಜಾಗ, ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ಅಚ್ಚು ಕೂರುವಲ್ಲಿ) ಹಿಂದಿನ ಮುಖ್ಯ ಪಿವಟ್ (ಹಿಂಭಾಗ ತಿರುಗುವ ಕೀಲು) ಸುತ್ತ, ಈ ಮೂರು ಕಡೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ ವೆಲ್ಡ್ ಪಕ್ಕದಲ್ಲೇ ಓಡಿದ್ದರೆ ಮಾತು ಮುಂದುವರಿಸಬೇಡಿ.

ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಕಣ್ಣಿಗೆ ಕಂಡ ಗೀರು ಉಗುರಿಗೆ ಸಿಗದಿದ್ದರೆ ಪರವಾಗಿಲ್ಲ. ಸಿಕ್ಕಿದರೆ ಆ ಗೀರು ಪ್ರತಿ ಸಲ ಸೀಲಿನೊಳಗೆ ಹೋಗಿ ಬರುವಾಗ ಅದನ್ನು ಕೊರೆಯುತ್ತದೆ, ಎಣ್ಣೆ ಹೊರಗೆ, ಧೂಳು ಒಳಗೆ. ಶಾಕಿನ ಕೊಳವೆಗೂ ಇದೇ ಪರೀಕ್ಷೆ.

ಆಮೇಲೆ ಬೈಕ್ ನಿಲ್ಲಿಸಿ, ಸೀಟಿನ ಹಿಂಭಾಗ ಹಿಡಿದು ಮೆಲ್ಲಗೆ ಅರ್ಧ ಇಂಚು ಎತ್ತಿ ಬಿಡಿ. ಚಕ್ರ ನೆಲ ಬಿಡಬಾರದು. ಕೈಗೆ 'ಟಕ್' ಅಂತ ತಾಗಿದರೆ ಎಲ್ಲೋ ಸಡಿಲ. ಎಲ್ಲಿ ಅಂತ ತಿಳಿಯಲು ಇನ್ನೊಬ್ಬರು ಎತ್ತುತ್ತಿರುವಾಗ ಶಾಕಿನ ಎರಡು ತುದಿ, ಪಿವಟ್‌ಗಳ ಮೇಲೆ ಬೆರಳಿಟ್ಟು ನೋಡಿ. ಶಾಕ್ ತುದಿಯ ಬುಷ್ ಆದರೆ ಚಿಲ್ಲರೆ ಕೆಲಸ. ಪಿವಟ್ ಬೇರಿಂಗ್ ಆದರೆ ಪೂರ್ತಿ ಸೆಟ್ ಬಿಚ್ಚಬೇಕು, ಬೆಲೆಯಲ್ಲಿ ಇಳಿಸಿ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಇಲ್ಲವೇ ಫೋರ್ಕ್ ಬುಷ್. ಶಾಕ್ ಒತ್ತಿ ಬಿಟ್ಟಾಗ ಕೆಸರಲ್ಲಿ ಕಾಲಿಟ್ಟ ಹಾಗೆ ಪಚಪಚ ಸದ್ದು ಬಂದರೆ ಡ್ಯಾಂಪರ್ ಎಣ್ಣೆಯಲ್ಲಿ ಗಾಳಿ ಸೇರಿದೆ, ಸರ್ವಿಸ್ ಬಾಕಿ.

ಸರ್ವಿಸ್ ಲೆಕ್ಕ ಕೇಳಿ. ರಾಕ್‌ಶಾಕ್ಸ್ ಫೋರ್ಕಿನ ಕೆಳಗಾಲಿಗೆ 50 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು. "ಮೂರು ವರ್ಷ, ಏನೂ ತೊಂದರೆ ಬಂದೇ ಇಲ್ಲ" ಅನ್ನುವ ಉತ್ತರಕ್ಕೆ ಅರ್ಥ ಒಂದೇ, ಒಮ್ಮೆಯೂ ಬಿಚ್ಚಿಲ್ಲ. ರೋಟರ್ ದಪ್ಪವನ್ನು ಗೇಜಿನಲ್ಲಿ ಅಳೆಯಿರಿ, ಶಿಮಾನೋ ಕಂಪನಿಯದ್ದು 1.5 ಮಿ.ಮೀ.ಗೆ ಬಂದಿದ್ದರೆ ಬದಲಿಸಲೇಬೇಕು. ಚೈನ್ ಗೇಜ್ 0.5 (ಶೇಕಡ ಹಿಗ್ಗು) ತೋರಿಸಿದರೆ ಚೈನ್ ಹೊಸದು ಬೇಕು. ಅದಕ್ಕಿಂತ ಬಹಳ ಮುಂದೆ ಹೋಗಿದ್ದರೆ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಸೆಟ್) ಕೂಡ ಸವೆದಿದೆ ಅಂತಲೇ ಇಟ್ಟುಕೊಳ್ಳಿ.

ಟೈರ್ ಹೇಗಿದ್ದರೂ ಬದಲಿಸುವ ಲೆಕ್ಕ ಇಡಿ. ಮುಂದೆ ಮ್ಯಾಕ್ಸಿಸ್ ಅಸೆಗೈ 2.5, ಮೆತ್ತನೆಯ ಮ್ಯಾಕ್ಸ್‌ಗ್ರಿಪ್ ರಬ್ಬರ್. ಹಿಂದೆ ಮಿನಿಯನ್ ಡಿಎಚ್‌ಆರ್ 2, 2.4, ಡಬಲ್‌ಡೌನ್ (ಎರಡು ಪದರದ) ಗೋಡೆ. ಟ್ಯೂಬ್‌ಲೆಸ್ ಮಾಡಿಸಿ, ಚಕ್ರಕ್ಕೆ 100-120 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ). ನಿಮ್ಮ ತೂಕಕ್ಕೆ ಮುಂದೆ 23-24, ಹಿಂದೆ 26-27 ಪಿಎಸ್‌ಐಯಿಂದ ಶುರು ಮಾಡಿ. ರಸ್ತೆ ಸೈಕಲ್ ಅಭ್ಯಾಸದವರು 40 ತುಂಬಿ, ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುವುದನ್ನು ನೋಡಿ ಸಸ್ಪೆನ್ಷನ್ ಸರಿಯಿಲ್ಲ ಅನ್ನುತ್ತಾರೆ. ಟ್ಯೂಬ್ ಇಟ್ಟುಕೊಂಡೇ 24ಕ್ಕೆ ಇಳಿಸಿದರೆ ರಿಮ್ ಮತ್ತು ಕಲ್ಲಿನ ನಡುವೆ ಸಿಕ್ಕಿ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ.

ಕೆಸರುಚಕ್ರ

ಓಡಿದ್ದನ್ನೇ ತಗೊಂಡರೆ ಹಳೆಯ ಮಾಲೀಕರ ಸೆಟ್ಟಿಂಗಿನಲ್ಲಿ ಓಡಿಸಬೇಡಿ. ನಿಮ್ಮ ತೂಕಕ್ಕೆ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಅಂತ ಅಳೆದು ಹೊಂದಿಸಿ. ಹೆಲ್ಮೆಟ್, ಪ್ಯಾಡ್, ನೀರು ಎಲ್ಲ ಹೊತ್ತು ನಿಂತಾಗಿನ ತೂಕವೇ ಲೆಕ್ಕ, ನಿಮ್ಮದು 86-87 ಆಗುತ್ತದೆ. ಕಂಪ್ರೆಷನ್ (ಕುಗ್ಗುವುದನ್ನು ತಡೆಯುವ ಹೊಂದಾಣಿಕೆ) ಪೂರ್ತಿ ತೆರೆದಿಡಿ. ಶಾಕ್ ಪಂಪಿನಿಂದ ಗಾಳಿ ತುಂಬಿ, ಹತ್ತು ಸಲ ನಿಧಾನವಾಗಿ ಒತ್ತಿ ಬಿಡಿ. ಒಳಗಿನ ಎರಡು ಗಾಳಿ ಕೋಣೆ ಸಮ ಆಗದಿದ್ದರೆ ಅಳತೆ ಸುಳ್ಳಾಗುತ್ತದೆ. ಆಮೇಲೆ ಒಬ್ಬರು ಹ್ಯಾಂಡಲ್ ಹಿಡಿದಿರಲಿ, ನೀವು ಪೆಡಲ್ ಮೇಲೆ ನಿಂತು ಇಳಿಯುವ ಭಂಗಿಗೆ ಬನ್ನಿ. ಕೂತು ಅಳೆಯಬೇಡಿ. ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಅಲುಗಿಸದೆ ಇಳಿದು ಅಳೆಯಿರಿ. 170ರ ಫೋರ್ಕಿಗೆ ಶೇಕಡ 15ರಿಂದ 20, ಅಂದರೆ 26ರಿಂದ 34 ಮಿ.ಮೀ. ಹಿಂದೆ ಶಾಕಿನ ಸ್ಟ್ರೋಕ್ (ಶಾಕ್ ಕುಗ್ಗುವ ಅಳತೆ) 65 ಮಿ.ಮೀ. ಆಗಿದ್ದರೆ ಶೇಕಡ 30, ಹತ್ತಿರ ಹತ್ತಿರ 19-20. 5 ಪಿಎಸ್‌ಐ ಹೆಚ್ಚಿಸಿ, ತಗ್ಗಿಸಿ ನೋಡುತ್ತಾ ಹೋಗಿ. ಪಂಪ್ ಕಳಚುವಾಗ ಬರುವ 'ಪುಸ್' ಹೋಸಿನ ಗಾಳಿ, ಶಾಕಿನದ್ದಲ್ಲ. ಮತ್ತೆ ಜೋಡಿಸಿದರೆ ಗೇಜ್ ಕಡಿಮೆ ತೋರಿಸುವುದು ಹೋಸ್ ತುಂಬಿಕೊಳ್ಳುವುದರಿಂದ. ಗಾಬರಿಬಿದ್ದು ಇನ್ನಷ್ಟು ತುಂಬಬೇಡಿ.

ರಿಬೌಂಡ್ (ಕುಗ್ಗಿದ್ದು ಮೇಲೆ ಬರುವ ವೇಗ): ಪೂರ್ತಿ ಮುಚ್ಚಿದಲ್ಲಿಂದ ಕ್ಲಿಕ್ ಎಣಿಸಿ ನಡುಮಧ್ಯಕ್ಕೆ ತನ್ನಿ. ಸೀಟಿನಲ್ಲಿ ಕೂತು ಫುಟ್‌ಪಾತ್ ಎತ್ತರದಿಂದ ಇಳಿದರೆ ಹಿಂಭಾಗ ಒಮ್ಮೆ ಕುಸಿದು, ಮೇಲೆ ಬಂದು ನಿಲ್ಲಬೇಕು. ಎರಡನೇ ಸಲ ಕುಣಿದರೆ ಇನ್ನೊಂದೆರಡು ಕ್ಲಿಕ್ ನಿಧಾನ ಮಾಡಿ. ಹೆದರಿಕೆ ಇರುವವರು ಇಲ್ಲಿ ಒಂದು ತಪ್ಪು ಮಾಡುತ್ತಾರೆ: ಶಾಂತವಾಗಿದೆ ಅಂತ ತೀರಾ ನಿಧಾನಕ್ಕೆ ಇಡುತ್ತಾರೆ. ಸಾಲು ಕಲ್ಲಿನಲ್ಲಿ ಒಂದು ಏಟಿನಿಂದ ಮೇಲೆ ಬರುವ ಮೊದಲೇ ಇನ್ನೊಂದು ಬೀಳುತ್ತದೆ, ನಾಲ್ಕನೇ ಕಲ್ಲಿಗೆ ಫೋರ್ಕ್ ಕುಗ್ಗಿ ಕೂತಿರುತ್ತದೆ, ಐದನೆಯದ್ದು ನೇರ ಮಣಿಕಟ್ಟಿಗೆ.

ದಪ್ಪ_ಕನ್ನಡಕ

ಯಾರೂ ಹೇಳದ ಒಂದು ವಿಷಯ. ಈ ವಯಸ್ಸಿನಲ್ಲಿ ಪ್ರೋಗ್ರೆಸಿವ್ ಕನ್ನಡಕ ಇರುವವರೇ ಹೆಚ್ಚು. ಅದರ ಕೆಳಭಾಗ ಓದುವುದಕ್ಕೆ, ಮುಂದಿನ ಚಕ್ರದ ಬಳಿಯ ಕಲ್ಲು ಅದರ ಮೂಲಕ ಮಸುಕಾಗಿ, ಸ್ಥಾನ ಪಲ್ಲಟವಾಗಿ ಕಾಣುತ್ತದೆ. ಬರೀ ದೂರದ ನಂಬರಿನ ಒಂದು ಜೊತೆ ಮಾಡಿಸಿ, ಕನ್ನಡಕದ ಮೇಲೆ ಕೂರುವ ಗಾಗಲ್ಸ್ ಹಾಕಿ.

ಫುಲ್‌ಫೇಸ್ ಹೆಲ್ಮೆಟ್ ಕೊಳ್ಳುವಾಗ ಎಎಸ್‌ಟಿಎಂ ಎಫ್1952 (ಡೌನ್‌ಹಿಲ್ ಹೆಲ್ಮೆಟ್ ಮಾನದಂಡ) ಅಂತ ಇದೆಯೇ ನೋಡಿ. ಇಎನ್ 1078 (ಯುರೋಪಿನ ಮಾನದಂಡ) ಸಾಮಾನ್ಯ ಸೈಕಲ್ ಹೆಲ್ಮೆಟ್‌ಗೂ ಇರುತ್ತದೆ. ಕನ್ನಡಕ ಹಾಕಿಕೊಂಡೇ ಹೆಲ್ಮೆಟ್ ತೊಟ್ಟು ಪರೀಕ್ಷಿಸಿ, ಕೆನ್ನೆಯ ಪ್ಯಾಡ್ ಕನ್ನಡಕದ ಕಡ್ಡಿಯನ್ನು ಒತ್ತಿದರೆ ಅರ್ಧ ಗಂಟೆಗೆ ತಲೆನೋವು. ಮೊಣಕಾಲು ಪ್ಯಾಡ್‌ಗೆ ಇಎನ್ 1621-1, ಬೆನ್ನಿನದ್ದಕ್ಕೆ ಇಎನ್ 1621-2. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಬೈಕ್ ಅಂಗಡಿಗೆ ಮುಂಚೆ ವೈದ್ಯರನ್ನು ಕಾಣಿ. ತಲೆಗೆ ಬಿದ್ದ ಸಣ್ಣ ಏಟೂ ಅಂಥವರಿಗೆ ಸಣ್ಣದಲ್ಲ.

ಮೆಲ್ಲಗೆ_ಇಳಿ

ಓಡಿದ್ದನ್ನು ನೋಡಿ ಬಂದೆ. ಉಗುರಿಗೆ ಏನೂ ಸಿಗಲಿಲ್ಲ. ಎತ್ತಿದಾಗ ಟಕ್ ಅಂತು, ಶಾಕಿನ ಕೆಳತುದಿಯ ಬುಷ್. ಬೆಲೆ ಇಳಿಸಿದರು. ಒಂದೇ ಅನುಮಾನ: ಮುಂದಿನ ಬ್ರೇಕ್ ಎಡಗೈಗೆ ಇದೆ. ಮೋಟಾರ್ ಸೈಕಲ್ ಅಭ್ಯಾಸದಿಂದ ಬಲಗೈಯೇ ಮುಂದಿನದ್ದು ಅಂತ ತಲೆಯಲ್ಲಿದೆ. ಹಾಗೇ ಒಗ್ಗಿಸಿಕೊಳ್ಳಲೇ?

ಸ್ಪೋಕ್_ಕೀ

ಬೇಡ, ಬದಲಿಸಿ. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ. ಕಡಿದಾದ ಕಡೆ ಹಿಂದಿನದ್ದು ಅಂದುಕೊಂಡು ಮುಂದಿನದನ್ನು ಜಗ್ಗಿದರೆ ಹ್ಯಾಂಡಲ್ ಮೇಲಿಂದ ಹಾರುವುದೇ. ಸ್ರ್ಯಾಮ್ ಕಂಪನಿಯ ಕೋಡ್ ಥರದ ಲಿವರ್ ಎರಡೂ ಕೈಗೆ ಆಗುತ್ತದೆ, ಕ್ಲ್ಯಾಂಪ್ ಬಿಚ್ಚಿ ಅದಲು ಬದಲು ಮಾಡಿದರೆ ಮುಗಿಯಿತು. ಶಿಮಾನೋ ಆದರೆ ಎಡ ಬಲ ಬೇರೆ, ಹೋಸ್ ಕಳಚಿ ಜೋಡಿಸಿ ಬ್ಲೀಡ್ ಮಾಡಬೇಕು, ಅಂದರೆ ಒಳಗಿನ ಗಾಳಿ ತೆಗೆಯಬೇಕು. ಶಿಮಾನೋಗೆ ಮಿನರಲ್ ಆಯಿಲ್ ಮಾತ್ರ, ಡಾಟ್ ದ್ರವ ಬಿದ್ದರೆ ಸೀಲ್ ಉಬ್ಬಿ ಹಾಳಾಗುತ್ತದೆ. ಬದಲಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಫ್ರೇಮಿನೊಳಗಿಂದ ಬರುವ ಹೋಸ್ ಜಗ್ಗುತ್ತದೆಯೇ ನೋಡಿ. ಜಗ್ಗಿದರೆ ಉದ್ದದ ಹೋಸ್ ಹಾಕಿಸದೆ ಜಾಡಿಗೆ ಇಳಿಯಬೇಡಿ.